ಉತ್ತರ ಸರಿ, ಹಂತ ತಪ್ಪು

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಉತ್ತರ ಸರಿ ಇದ್ದರೂ ಹಂತಗಳನ್ನು ನೋಡದೆ ಅಂಕ ಕೊಡುವುದಿಲ್ಲ. ಕೆಲವು ಸಲ ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಗಿಬಿಟ್ಟಿರುತ್ತದೆ. ಆ ಮಗುವಿಗೆ ಮುಂದಿನ ಲೆಕ್ಕ ಕೈಕೊಡುತ್ತದೆ.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸೆಲೀನ್ ಹೂಝೆ ಎಂಬ ವಿಜ್ಞಾನಿ ಇದ್ದಾರೆ. ಧ್ರುವ ಸಮುದ್ರಗಳೇ ಅವರ ವಿಷಯ. ಭೂಮಿಯ ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ತೋರಿಸುವ ಕ್ಲೈಮೇಟ್ ಮಾಡೆಲ್‌ಗಳನ್ನು ಅವರು ನೋಡುವುದೂ ಹೀಗೆಯೇ, ಹಂತ ಹಂತವಾಗಿ.

ಸಮುದ್ರದ ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ತಳ್ಳುತ್ತದೆ. ಹೋದ ವಾರ ಮಗಳ ಜೊತೆ ಒಂದು ಲೋಟ ಉಪ್ಪುನೀರು ಫ್ರೀಜರ್‌ನಲ್ಲಿಟ್ಟೆ. ಅರ್ಧ ಗಟ್ಟಿಯಾದ ಮೇಲೆ ಗಡ್ಡೆ ತೊಳೆದು ನೆಕ್ಕಿದಳು, ಉಪ್ಪು ಎಷ್ಟೋ ಕಡಿಮೆ. ಉಳಿದ ನೀರು ಬಾಯಿಗಿಟ್ಟವಳೇ ಮುಖ ಕಿವುಚಿದಳು. ಅಂಟಾರ್ಕ್ಟಿಕಾದ ತೀರದಲ್ಲಿ ಹೀಗೆ ಉಳಿದ, ಕೊರೆಯುವ ಉಪ್ಪುನೀರು ಭಾರವಾಗಿರುತ್ತದೆ. ಖಂಡದ ಅಂಚಿನ ಇಳಿಜಾರಿನಲ್ಲಿ ಜಾರಿ ತಳ ಸೇರುತ್ತದೆ, ಅಲ್ಲಿಂದ ಉತ್ತರಕ್ಕೆ ಹರಡುತ್ತದೆ. ಸಮುದ್ರ ಎಷ್ಟು ಶಾಖ, ಎಷ್ಟು ಕಾರ್ಬನ್ ನುಂಗುತ್ತದೆ ಎಂಬ ಲೆಕ್ಕಕ್ಕೆ ಈ ನೀರು ಬೇಕೇ ಬೇಕು.

2013ರಲ್ಲಿ ಹೂಝೆ ಮತ್ತು ಜೊತೆಗಾರರು 15 ಮಾಡೆಲ್‌ಗಳನ್ನು ಉತ್ತರಪತ್ರಿಕೆ ನೋಡುವಂತೆ ಪರೀಕ್ಷಿಸಲು ಕೂತರು. ಅರ್ಧದಷ್ಟರಲ್ಲಿ ತಳದ ನೀರು ತಕ್ಕಮಟ್ಟಿಗೆ ಸರಿ ಇತ್ತು. ಆದರೆ ಅಲ್ಲಿಗೆ ಬಂದ ದಾರಿ? 10 ಮಾಡೆಲ್‌ಗಳಲ್ಲಿ ತೀರದಲ್ಲೇನೋ ಭಾರದ ನೀರು ಹುಟ್ಟುತ್ತಿತ್ತು, ತಳಕ್ಕೆ ಇಳಿಯುವ ಮೊದಲೇ ಹಗುರ ನೀರಿನಲ್ಲಿ ಬೆರೆತುಹೋಗುತ್ತಿತ್ತು. ಹೆಚ್ಚಿನ ಮಾಡೆಲ್‌ಗಳು ಬದಲಿಗೆ ನಡುಸಮುದ್ರದಲ್ಲೇ ನೀರನ್ನು ಮೇಲಿಂದ ಆಳಕ್ಕೆ ಇಳಿಸುತ್ತಿದ್ದವು. ನಿಜವಾದ ಸಮುದ್ರದಲ್ಲಿ ಅದು ತೀರಾ ಅಪರೂಪ. 1974ರಿಂದ 1976ರವರೆಗೆ ಅಂಟಾರ್ಕ್ಟಿಕಾದ ಪಕ್ಕದ ವೆಡ್ಡೆಲ್ ಸಮುದ್ರದ ಮಂಜುಗಡ್ಡೆಯ ನಡುವೆ ಚಳಿಗಾಲದಲ್ಲೇ ಗಡ್ಡೆಯಿಲ್ಲದ ನೀರಿನ ದೊಡ್ಡ ಬಯಲು ತೆರೆದುಕೊಂಡಿತ್ತು, ಆಗ ಹಾಗೆ ಆಗಿತ್ತು. 2021ರಲ್ಲಿ ಹೂಝೆ ಹೊಸ ತಲೆಮಾರಿನ 35 ಮಾಡೆಲ್‌ಗಳನ್ನು ನೋಡಿದರು. ಕೆಲವು ತೀರದ ದಾರಿಯನ್ನು ಸರಿಯಾಗಿ ಹಿಡಿದಿದ್ದವು. ಬಹುಪಾಲು ಇನ್ನೂ ಹಳೇ ತಪ್ಪನ್ನೇ ಮಾಡುತ್ತಿದ್ದವು.

ಇದನ್ನು ಹೇಳಿದರೆ ಸಾಕು, "ನೋಡಿದ್ರಾ, ಎಲ್ಲಾ ಸುಳ್ಳು" ಅನ್ನುವವರಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಭೂಮಿ ಬಿಸಿಯಾಗುತ್ತಿದೆ ಎಂದು ಹೇಳಿದ್ದು ಥರ್ಮಾಮೀಟರ್. ಮಾಡೆಲ್‌ನ ತಪ್ಪು ಹುಡುಕಿ ಹೆಸರು ಹಾಕಿ ಪ್ರಕಟಿಸಿದವರು ಅದೇ ವಿಜ್ಞಾನಿಗಳು. ಹಾಗೆ ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಜಾಸ್ತಿಯಾಯಿತು.

ಜನ ಗೊಂದಲಕ್ಕೆ ಬೀಳ್ತಾರೆ ಅಂತ ಇಂಥದ್ದನ್ನು ಸುಮ್ನೆ ಬಿಟ್ಟುಬಿಡುವುದೂ ತಪ್ಪು. ನಮ್ಮ ಪತ್ರಿಕೆಗಳಲ್ಲಿ "ವಿಜ್ಞಾನಿಗಳ ಎಚ್ಚರಿಕೆ" ಅಂತ ದಪ್ಪಕ್ಷರದಲ್ಲಿ ಬರುತ್ತದೆ. ಅದರಲ್ಲಿ ಯಾವುದು ಗಟ್ಟಿ, ಯಾವುದು ಇನ್ನೂ ಸಡಿಲ ಎಂದು ಎರಡು ಸಾಲು ಸೇರಿಸಿ. ಸಮುದ್ರಮಟ್ಟ ಏರುತ್ತಿರುವುದು ಗಟ್ಟಿ. ದಕ್ಷಿಣದ ತಳದ ನೀರು ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಸಡಿಲ. ಓದುವವರಿಗೆ ಇಷ್ಟು ಅರ್ಥವಾಗುತ್ತದೆ.