ಸತ್ಯಾಂಶ: ಪೈಲಟ್‌ಗಳು ಎಲ್ಲ ಮೀಟರ್‌ಗಳನ್ನೂ ಸದಾ ಓದುತ್ತಿರುತ್ತಾರೆಯೇ?

ಕಾಕ್‌ಪಿಟ್‌ನಲ್ಲಿರುವ ಎಲ್ಲ ಮೀಟರ್‌ಗಳನ್ನೂ ಪೈಲಟ್ ಒಂದೊಂದಾಗಿ ಓದುತ್ತಲೇ ಇರಬೇಕು, ಎಲ್ಲ ವಿಮಾನಗಳಲ್ಲೂ ಕ್ರಮ ಒಂದೇ ಎಂಬ ಸಂದೇಶ ಫಾರ್ವರ್ಡ್ ಆಗುತ್ತಿದೆ, ಇದು ನಿಜವಲ್ಲ. ಹಳೆಯ ಸಣ್ಣ ವಿಮಾನಗಳಲ್ಲಿ ಹಾರಾಟಕ್ಕೆ ಮುಖ್ಯವಾದವು ಆರು ದುಂಡು ಮೀಟರ್‌ಗಳು. ಮೋಡದೊಳಗೆ ಹಾರುವಾಗ ಪೈಲಟ್‌ನ ದೃಷ್ಟಿ ಮೇಲಿನ ಸಾಲಿನ ನಡುವೆ ಇರುವ, ವಿಮಾನ ಎತ್ತ ವಾಲಿದೆ ಎಂದು ತೋರಿಸುವ ಕೃತಕ ದಿಗಂತದಿಂದ ವೇಗಕ್ಕೆ, ಮರಳಿ ದಿಗಂತಕ್ಕೆ, ಅಲ್ಲಿಂದ ಎತ್ತರಕ್ಕೆ ಹೀಗೆ ಹೋಗಿಬರುತ್ತದೆ. ಆಕಾಶ ತಿಳಿಯಾಗಿದ್ದಾಗ ಇಂಥ ವಿಮಾನದಲ್ಲಿ ನೋಟ ಬಹುಪಾಲು ಹೊರಗೇ ಇರಬೇಕು. ಏರ್‌ಬಸ್ ಎ320ರಲ್ಲಿ ಇವೆಲ್ಲ ಒಂದೇ ಪರದೆಯಲ್ಲಿದ್ದು, ವೇಗದ ಪಟ್ಟಿ ಎಡಕ್ಕೂ ಎತ್ತರದ ಪಟ್ಟಿ ಬಲಕ್ಕೂ ಇರುತ್ತವೆ. ಎಂಜಿನ್ ದೋಷಗಳನ್ನು ಕಂಪ್ಯೂಟರ್ ಎಚ್ಚರಿಸುತ್ತದೆ.

ನಿಜವಾದ ಅಪಾಯ ಒಂದೆಡೆಯೇ ಗಮನ ನೆಡುವುದು. 1972ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಈಸ್ಟರ್ನ್ ಏರ್‌ಲೈನ್ಸ್ 401ರ ಸಿಬ್ಬಂದಿ ಉರಿಯದ ಒಂದು ದೀಪದಲ್ಲೇ ಮಗ್ನರಾಗಿದ್ದಾಗ, ಎತ್ತರ ಇಳಿಯುತ್ತಿದ್ದುದು ಗಮನಕ್ಕೆ ಬಾರದೆ ವಿಮಾನ ಜೌಗು ಪ್ರದೇಶಕ್ಕೆ ಅಪ್ಪಳಿಸಿತು.