ಲೋಗೋ ಮಾಡಿಸೋವಾಗ ಕನ್ನಡದಿಂದ ಶುರು ಮಾಡಿ

ಹೊಸದಾಗಿ ಹೋಟೆಲ್ ಹಾಕೋರಿಗೆ, ಮನೇಲಿ ಚಟ್ನಿಪುಡಿ ಸಾರಿನಪುಡಿ ಮಾಡಿ ಪ್ಯಾಕೆಟಲ್ಲಿ ಮಾರೋರಿಗೆ ಇದನ್ನ ಹೇಳ್ಲೇಬೇಕು ಅನ್ನಿಸ್ತು. ಇಂಗ್ಲಿಷ್ ಹೆಸರಿಗೆ ವಾರಗಟ್ಲೆ ಫಾಂಟ್ ಹುಡುಕ್ತೀರಿ, ಕಲರ್ ಮತ್ತೆ ಮತ್ತೆ ಬದಲಾಯಿಸ್ತೀರಿ, ಕೊನೆಗೆ ಉಳಿದ ಜಾಗಕ್ಕೆ ಯಾವ್ದೋ ಕನ್ನಡ ಫಾಂಟ್ ಎಳೆದು ತುಂಬಿಸ್ತೀರಿ. ಬೇಜಾರಾಗತ್ತೆ ನೋಡಿದ್ರೆ. ಕರ್ನಾಟಕದ ಕನ್ನಡ ಭಾಷಾ ಕಾಯ್ದೆಗೆ 2024ರ ತಿದ್ದುಪಡಿ ಬಂದ್ಮೇಲೆ ಬೋರ್ಡಲ್ಲಿ ಶೇ. 60 ಜಾಗ ಕನ್ನಡಕ್ಕೆ ಸಿಕ್ತು ನಿಜ, ಆದ್ರೆ ಅಕ್ಷರ ಚೆನ್ನಾಗಿ ಕಾಣೋಕೆ ಓನರ್ರೇ ಮನಸ್ಸು ಮಾಡ್ಬೇಕು.

ನಮ್ಮ ತಿಂಡಿಗಳ ಹೆಸರೇ ನೋಡಿ, ಬೆಣ್ಣೆದೋಸೆ, ಅಕ್ಕಿರೊಟ್ಟಿ, ಉಪ್ಪಿಟ್ಟು, ಎಲ್ಲದ್ರಲ್ಲೂ ಒತ್ತು. ಇಂಗ್ಲಿಷಿಗೆ ಕೊಡೋ ಲೈನ್ ಗ್ಯಾಪನ್ನೇ ಕೊಟ್ರೆ ಮೆನುವಿನಲ್ಲಿ ಉಪ್ಪಿಟ್ಟಿನ ಒತ್ತು ಹೋಗಿ ಕೆಳಗಿನ ಸಾಲಿನ ಗುಡಿಸಿಗೆ ತಾಗತ್ತೆ. ಕನ್ನಡ ಟೈಪ್ ಮಾಡೋ ‘ನುಡಿ’ ಸಾಫ್ಟ್‌ವೇರಿನ ಹಳೇ ಫಾಂಟುಗಳಲ್ಲಿ ಒಂದು ಅಕ್ಷರ ಅಂದ್ರೆ ಎರಡು ಮೂರು ತುಂಡು ಸೇರಿ ಆಗಿರೋದು, ಅದಕ್ಕೆ ಸುತ್ತ ದಪ್ಪ ಔಟ್‌ಲೈನ್ ಹಾಕಿದ್ರೆ ತುಂಡು ಸೇರೋ ಕಡೆಯೆಲ್ಲಾ ಗೆರೆ ಎದ್ದು ಕಾಣತ್ತೆ, ಅಂಥ ಬೋರ್ಡು ಬೀದಿಗೆ ಹತ್ತು ಸಿಗತ್ತೆ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೊ ಸೆರಿಫ್ ಕನ್ನಡ ಅನ್ನೋ ಫಾಂಟುಗಳೆಲ್ಲಾ ಫ್ರೀಯಾಗೇ ಸಿಗತ್ತಲ್ಲ, ಬಳಸಿ. ದುಡ್ಡಿದ್ರೆ ಹೆಸರನ್ನ ಕೈಯಲ್ಲೇ ಬರೆಸಿ, ಅದಕ್ಕಿಂತ ಚೆಂದ ಇನ್ನೊಂದಿಲ್ಲ.

ಕಲರ್ ವಿಷಯಕ್ಕೆ ಬಂದ್ರೆ, ಅಂಗಡೀಲಿ ನೀಲಿ ಪ್ಯಾಕೆಟ್ ಕೊಡಿ ಅಂದ್ರೆ ಸಾಕು ನಂದಿನಿ ಟೋನ್ಡ್ ಹಾಲು ಬರತ್ತೆ, ಹೆಸರೂ ಹೇಳ್ಬೇಕಾಗಿಲ್ಲ. ಒಂದು ಬಣ್ಣ ಹಿಡಿದು ವರ್ಷಗಟ್ಲೆ ಬಿಡದೇ ಇದ್ರೆ ಮಾತ್ರ ಹಂಗಾಗೋದು. ನಮ್ಮೋರು ಪಕ್ಕದೋನು ಮೆರೂನ್ ಹಾಕ್ದ ಅಂತ ತಾವೂ ಮೆರೂನ್ ಹಾಕ್ತಾರೆ.

ಪುಡಿ ಮಾರೋರು ಇದನ್ನ ಮುಖ್ಯವಾಗಿ ಗಮನಿಸಿ. ಟ್ರಾನ್ಸ್‌ಪರೆಂಟ್ ಕವರ್ ಮೇಲೆ ಹಳದಿ ಅಕ್ಷರ ಸ್ಕ್ರೀನಲ್ಲಿ ಹೊಳೀತಿರತ್ತೆ, ಆದ್ರೆ ಕೆಳಗಡೆ ಬಿಳಿ ಇಂಕಿನ ಪದರ ಕೊಡದೇ ಪ್ರಿಂಟ್ ಮಾಡಿದ್ರೆ, ಒಳಗಡೆ ಪುಳಿಯೋಗರೆ ಪುಡಿ ತುಂಬಿದ ತಕ್ಷಣ ಆ ಹಳದಿ ಮಂಕಾಗಿ ಹೆಸರೇ ಕಾಣಲ್ಲ. ಪ್ರಿಂಟರ್ ಹತ್ರ ಇದನ್ನ ಕೇಳಿಯೇ ಆರ್ಡರ್ ಕೊಡಿ. ಸಸ್ಯಾಹಾರದ ಹಸಿರು ಗುರುತನ್ನೂ ಹಸಿರು ಕವರ್ ಮೇಲೆ ಹಂಗೇ ಒತ್ತಬೇಡಿ, ಹಿಂದಿನ ಬಣ್ಣದಿಂದ ಎದ್ದು ಕಾಣ್ಬೇಕು ಅಂತ ರೂಲ್ಸೇ ಇದೆ. ದೊಡ್ಡ ಆರ್ಡರಿಗೆ ಮುಂಚೆ ಒಂದೇ ಒಂದು ಸ್ಯಾಂಪಲ್ ತುಂಬಿಸಿ, ಗೊತ್ತಿರೋ ಕಿರಾಣಿ ಅಂಗಡಿಯ ಶೆಲ್ಫಲ್ಲಿ ಬೇರೆ ಪ್ಯಾಕೆಟ್‌ಗಳ ನಡುವೆ ಇಟ್ಟು, ಗಿರಾಕಿ ನಿಲ್ಲೋ ಜಾಗದಿಂದ ಓದಿ ನೋಡಿ.