ಸಮಾಧಾನ ಸಾಕು, ಜೊತೆಗಿರಿ

ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಮೈಯೆಲ್ಲ ಆವರಿಸುವ ವಿಪರೀತ ಗಾಬರಿ) ಬಂದವರಿಗೆ ನಮ್ಮ ಜನ ಮೊದಲು ಹೇಳುವುದು "ಏನೂ ಆಗಲ್ಲ, ಧೈರ್ಯ ತಗೋ" ಅಂತ. ನಾನಿರುವ ದೇಶದ ಥೆರಪಿಸ್ಟ್ ಮಾಡಿಸಿದ್ದು ಇದಕ್ಕೆ ಪೂರ್ತಿ ಉಲ್ಟಾ. ತಿರುಗುವ ಕುರ್ಚಿಯಲ್ಲಿ ಕೂರಿಸಿ ಒಂದು ನಿಮಿಷ ಗಿರಗಿರ ಸುತ್ತಿಸಿದರು. ಆಮೇಲೆ ಮೂಗು ಹಿಡಿದುಕೊಂಡು ತೆಳ್ಳನೆ ಸ್ಟ್ರಾದಲ್ಲಿ ಉಸಿರಾಡಿ ಅಂದರು. ತಲೆ ಸುತ್ತು, ಎದೆ ಡವಡವ, ಉಸಿರು ಕಟ್ಟಿದ ಹಾಗೆ. ನಾನು ಯಾವುದಕ್ಕೆ ಹೆದರುತ್ತಿದ್ದೆನೋ ಎಲ್ಲವೂ ಬಂತು. ದುಡ್ಡು ಕೊಟ್ಟು ಗಾಬರಿ ತರಿಸಿಕೊಳ್ಳೋದಾ ಅನ್ನಿಸಿತು.

ಆದರೆ ಇದರ ಹಿಂದೆ ಲೆಕ್ಕಾಚಾರವಿದೆ. ಹೆದರಿದಾಗ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರಿ ಎದೆಬಡಿತ, ಉಸಿರಾಟ ಎರಡೂ ಜೋರಾಗುತ್ತವೆ. ಉಸಿರಾಟ ಜಾಸ್ತಿಯಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳು, ತುಟಿ ಜುಮ್ಮೆನ್ನುವುದು, ತಲೆ ತೇಲಿದಂತಾಗುವುದು ಅದರಿಂದಲೇ. ಉಸಿರೇ ಸಾಲ್ತಿಲ್ಲ ಅನ್ನಿಸುತ್ತದೆ, ನಿಜಕ್ಕೂ ಆಗಿರುವುದು ಅತಿ ಉಸಿರಾಟ! ಅದನ್ನು ಹಾರ್ಟ್ ಅಟ್ಯಾಕ್ ಅಂದುಕೊಂಡರೆ ಭಯ ಹೆಚ್ಚುತ್ತದೆ, ಭಯ ಹೆಚ್ಚಿದಷ್ಟೂ ಎದೆ ಇನ್ನೂ ಬಡಿದುಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಬಿಡಿಸಿ ಹೇಳಿದ್ದು ಈ ಸುತ್ತನ್ನೇ. ಸಾಮಾನ್ಯವಾಗಿ 10 ನಿಮಿಷದೊಳಗೆ ಗಾಬರಿ ತುದಿ ಮುಟ್ಟಿ ಇಳಿಯತೊಡಗುತ್ತದೆ. ಬೇಕಂತಲೇ ತಂದುಕೊಂಡು, ಅದು ತಾನಾಗಿ ಇಳಿಯುವುದನ್ನು ಮತ್ತೆ ಮತ್ತೆ ನೋಡಿದಾಗಲೇ ಮೈ ನಂಬುವುದು. ಬಾಯಿಮಾತಿಗೆಲ್ಲ ಅದು ಬಗ್ಗಲ್ಲ.

(ಮೊದಲ ಸಲ ಎದೆನೋವು ಬಂದಾಗ ಪ್ಯಾನಿಕ್ ಅಂತ ನೀವೇ ತೀರ್ಮಾನಿಸಬೇಡಿ, ಡಾಕ್ಟರಿಗೆ ತೋರಿಸಿ. ಹೃದಯದ ತೊಂದರೆ, ಅಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಈ ಅಭ್ಯಾಸಗಳನ್ನು ಡಾಕ್ಟರನ್ನು ಕೇಳದೆ ಮಾಡಬಾರದು.)

ನಮ್ಮ ಸಮಾಧಾನದಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ "ಒಬ್ಬನೇ ಹೋಗಬೇಡ", "ಲಿಫ್ಟ್ ಬೇಡ ಬಿಡು" ಅಂತ ಶುರುವಾದರೆ ತಪ್ಪಿಸಿಕೊಳ್ಳುವುದೇ ಅಭ್ಯಾಸವಾಗುತ್ತದೆ. ಏನೂ ಆಗದಿದ್ದರೆ ಆ ಪುಣ್ಯವೆಲ್ಲ ಜೊತೆಗಿದ್ದವರಿಗೋ ಜೇಬಿನಲ್ಲಿದ್ದ ಮಾತ್ರೆಗೋ ಸೇರುತ್ತದೆ. ಅವರಿಲ್ಲದ ದಿನ ಹೊಸ್ತಿಲು ದಾಟೋಕೂ ಭಯ.

ಇಲ್ಲಿಯವರದ್ದೇ ಸರಿ ಅಂತಲೂ ಅಲ್ಲ. ಥೆರಪಿಗೆ ವಾರಗಟ್ಟಲೆ ಕಾಯಬೇಕು. ಒಂದು ಭೇಟಿ ಮುಗಿದ ಮೇಲೆ ಹೋಂವರ್ಕ್ ಹಾಳೆ ಕೈಗಿಟ್ಟು ಕಳಿಸುತ್ತಾರೆ, ಮುಂದಿನ ವಾರದವರೆಗೂ ನೀನೊಬ್ಬನೇ. ನಡುರಾತ್ರಿ ಫೋನ್ ಮಾಡಿದರೆ ಬೈಯದೆ ಎತ್ತುವವರು ಊರಿನವರೇ ಅಲ್ವಾ?

ಹಾಗಾಗಿ ಅಕ್ಕನಿಗೆ ಒಂದು ವಿಷಯ ಹೇಳಿಕೊಟ್ಟೆ. ಈಗ ಫೋನ್ ಮಾಡಿದರೆ "ಏನೂ ಆಗಲ್ಲ" ಅನ್ನುವುದಿಲ್ಲ. "ಭಯ ಹತ್ತಕ್ಕೆ ಎಷ್ಟಿದೆಯೋ?" ಅಂತಾಳೆ. ಎಂಟು ಅಂದರೆ, "ಸರಿ, ಇರಲಿ. ಉಸಿರು ನಿಧಾನಕ್ಕೆ ಬಿಡು, ನಾನು ಲೈನಲ್ಲೇ ಇರ್ತೀನಿ." ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಐದು ಅಂದರೆ ಸಾಕು, ಅವಳು ಫೋನ್ ಇಟ್ಟುಬಿಡುತ್ತಾಳೆ. ಉಳಿದ ಐದನ್ನು ನಾನೇ ಇಳಿಸಿಕೊಳ್ಳಬೇಕಂತೆ.